ಒಬ್ಬೊಬ್ಬಳನ್ನೇ ಎಬ್ಬಿಸಬೇಕು

ಕಾಲೇಜು ಹಾಸ್ಟೆಲ್, ತೈನಾನ್
ಅಕ್ಟೋಬರ್ 19, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬಲೆ ಎಳೆದೆಳೆದು ನೋಯುತ್ತಿದ್ದ ಬಲಭುಜ ಈಗ ಹೇಗಿದೆ? ನಾನು ಕೊಟ್ಟ, ನೋವಿಗೆ ಅಂಟಿಸುವ ಪಟ್ಟಿ ಹಾಕಿಕೊಳ್ಳುತ್ತಿದ್ದೀರಾ, ಇಲ್ಲ ಹಡಗಿನವರಿಗೆಲ್ಲ ಹಂಚಿ ಮುಗಿಸಿದಿರಾ? ನಿಮ್ಮ ಹಡಗು ಬಂದರು ಮುಟ್ಟಿದಾಗ ಏಜೆಂಟರು ಈ ಕಾಗದ ಕೊಡುತ್ತಾರಂತೆ, ಅಂದರೆ ಇನ್ನೊಂದು ತಿಂಗಳು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ. ನಾನು ಚೆನ್ನಾಗಿದ್ದೇನೆ, ಊಟ ಸೇರುತ್ತಿಲ್ಲ, ಅಷ್ಟೆ. ಟೆನ್ಷನ್ ಮಾಡಿಕೊಳ್ಳಬೇಡಿ.

ನಿನ್ನೆ ಮನೆಗೆ ಹೋಗಿದ್ದೆ. ತಾತ ಕೊಳದ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ಮೀನೆಲ್ಲ ಸತ್ತ ಸುದ್ದಿ ಕೇಳಿ ನೀವು ಫೋನಿನಲ್ಲಿ ಅವರಿಗೆ, "ಇನ್ನು ನಿನ್ನ ಕೈಲಾಗಲ್ಲಪ್ಪ, ಹೊಸ ವರ್ಷಕ್ಕೆ ಬಂದು ಕೊಳಾನ ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟುಬಿಡ್ತೀನಿ" ಅಂದಿರಲ್ಲ, ಅವತ್ತಿನಿಂದ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತಿರುತ್ತಾರೆ. ಕಾಲಿಗೆ ಮಾತ್ರ ಬೆಳಿಗ್ಗೆಯೇ ಗಮ್‌ಬೂಟು. ತಮಗಿಷ್ಟದ ಹೂಮೀನಿನ ಗಂಜಿಯನ್ನೂ ಮುಟ್ಟಲಿಲ್ಲ. ಪಕ್ಕದ ಕೊಳದ ತ್ಸೆಂಗ್ ಮಾವ ಸುಮ್ಮನಿರಬೇಕಲ್ಲ: "ಏನಣ್ಣ, ಐವತ್ತು ವರ್ಷ ಪಳಗಿದ ಕೈ ನಾಲ್ಕು ಸ್ವಿಚ್ ಹಾಕೋದು ಹೇಗಂತ ಮರೆತುಬಿಡ್ತಾ?" ತಾತ ನಕ್ಕು, "ಕೈಗೂ ವಯಸ್ಸಾಗುತ್ತಲ್ಲಯ್ಯ" ಅಂದರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಈ ವಾರ ಕ್ಲಾಸಿನಲ್ಲಿ ಮೋಟರಿನ ಪಾಠವಾಯಿತು. ನೀರು ಬಡಿದು ಮೀನಿಗೆ ಉಸಿರು ಕೊಡುವ ನಮ್ಮ ಚಕ್ರ ಒಂದೊಂದೂ ಏಳುನೂರ ಐವತ್ತು ವಾಟಿನದು. ನಾಲ್ಕಕ್ಕೆ ಮೂರು ಸಾವಿರ. ಕರೆಂಟು ಹೋದಾಗ ಅವನ್ನು ನಡೆಸುವ ಜನರೇಟರ್ ಐದು ಸಾವಿರದ್ದು. ಧಾರಾಳವಾಯಿತು ಅನ್ನಿಸುತ್ತದೆ, ಅಲ್ಲವೇ? ಆದರೆ ನಿಂತ ಮೋಟರು ತಿರುಗಲು ಶುರುಮಾಡುವ ಒಂದೆರಡು ಕ್ಷಣ ಮೂರು ಪಟ್ಟು ಎಳೆಯುತ್ತದಂತೆ. ನಾಲ್ಕೂ ಒಟ್ಟಿಗೆ ಎದ್ದರೆ ಒಂಬತ್ತು ಸಾವಿರ. ಒಂದಾದ ಮೇಲೊಂದು ಎಬ್ಬಿಸಿದರೆ, ಕೊನೆಯದು ಏಳುವಾಗಲೂ ನಾಲ್ಕೂವರೆ ಸಾವಿರ ದಾಟುವುದಿಲ್ಲ. ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಸ್ಕೂಲಿನ ಮುಖ ನೋಡದ ತಾತ ಮಾಡುತ್ತಿದ್ದದ್ದು ಇದನ್ನೇ ಅಲ್ಲವೇ? ಅವರಿಗೆ ಆ ಚಕ್ರಗಳು ಸೊಸೆಯಂದಿರು. "ದೊಡ್ಡವಳು ಎದ್ದು ಮುಖ ತೊಳ್ಕೊಳ್ಳಲಿ, ಆಮೇಲೆ ಎರಡನೆಯವಳು. ಒಬ್ಬೊಬ್ಬಳನ್ನೇ ಎಬ್ಬಿಸಬೇಕು. ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿದ್ರೆ ಒಲೆ ಮುಂದೆ ಜಗಳ ಕಣೇ." ನಡುನಡುವೆ ಒಂದೊಂದು ಗುಟುಕು ಟೀ. ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ ನಾನು ನಗುತ್ತಿದ್ದೆ, ಮುದುಕರ ಶಾಸ್ತ್ರ ಎಂದು.

ಬಿರುಗಾಳಿಯ ದಿನ ಬೆಳಿಗ್ಗೆ ಕರೆಂಟು ಹೋದಾಗ ನಾಲ್ಕೂ ಸ್ವಿಚ್ಚು ಒಟ್ಟಿಗೆ ಬಿದ್ದವು. ಜನರೇಟರ್ ನರಳಿ ನಿಂತಿತು. ಮತ್ತೆ ಹಗ್ಗ ಎಳೆದದ್ದಾಯಿತು, ಮತ್ತೆ ನಿಂತಿತು. ಮೂರನೆಯ ಸಲ ಸುಟ್ಟ ವಾಸನೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು ಅಪ್ಪಾ, ಸದ್ದೇ ಇಲ್ಲದೆ. ಮಧ್ಯಾಹ್ನದ ಹೊತ್ತಿಗೆ ಕೊಳವಿಡೀ ಬೆಳ್ಳಗಾಗಿತ್ತು. ತಾತ ಎರಡು ದಿನ ಅವನ್ನು ಬಲೆಯಲ್ಲಿ ಎತ್ತಿ ಎತ್ತಿ ಹೂತರು.

ಭುಜ ಜೋಪಾನ. ಹಡಗಿನ ಅಡುಗೆಯಣ್ಣನಿಗೆ ನನ್ನ ನಮಸ್ಕಾರ ತಿಳಿಸಿ. ಕಡಲತಾಯಿ ಮಾಝು ನಿಮ್ಮನ್ನು ಕಾಯಲಿ.

ನಿಮ್ಮ ಮಗಳು,
ಯುನ್-ಚಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ತಾತ ನಿಮಗೆ ಹೇಳಿದ್ದು ಸುಳ್ಳು. ಅವರು ಆಗ ಆಚೆ ಏರಿಯ ಮೇಲೆ, ಮೀನು ಕೊಚ್ಚಿಹೋಗದಂತೆ ಬಲೆ ಕಟ್ಟುತ್ತಿದ್ದರು. ನಾಲ್ಕೂ ಸ್ವಿಚ್ ಹಾಕಿದ್ದು ನಾನು. ಮೂರು ಸಾವಿರ, ಐದು ಸಾವಿರ ಎಂದು ಬಾಯಲ್ಲೇ ಲೆಕ್ಕ ಹಾಕಿ, ಬೇಗ ಆಗಲಿ ಎಂದು. ನಿಮ್ಮ ಫೋನ್ ಬಂದಾಗ ಹೇಳಲು ಬಾಯಿ ತೆರೆದೆ. ತಾತ ಫೋನ್ ಕಿತ್ತುಕೊಂಡು "ನಂದೇ ತಪ್ಪು ಕಣೋ" ಅಂದುಬಿಟ್ಟರು. ಆಮೇಲೆ ನನಗೆ, "ನೀನು ಕರೆಂಟಿನ ಓದು ಓದೋಳು, ನಿನ್ನ ಹೆಸರಿಗೆ ಇದು ಬೇಡ" ಅಂದರು. ಗುತ್ತಿಗೆಗೆ ಮೊಹರು ಒತ್ತಬೇಡಿ ಅಪ್ಪಾ. ತಾತನ ಕೈ ಏನನ್ನೂ ಮರೆತಿಲ್ಲ.