ಮಾತಾಡದವರ ಕಾಮೆಂಟರಿ

ಬಂಗಾರಪೇಟೆ
೧೩-೨-೧೯೮೯, ಸೋಮವಾರ

ನಮ್ಮ ಯಜಮಾನರಿಗೆ ಗಂಗರತ್ನಳ ನಮಸ್ಕಾರ.

ನಾವಿಲ್ಲಿ ಕ್ಷೇಮ ಅಂತ ಶಾಂತವಾಗಿ ಬರೆಯೋಣವೆಂದರೆ ಕೈ ನಿಲ್ಲುತ್ತಿಲ್ಲ. ನಿನ್ನೆ ಸಂಜೆಯಿಂದ ನನ್ನ ಗಂಟಲು ಕಟ್ಟಿದೆ, ಅಮ್ಮ ಮೆಣಸಿನ ಕಷಾಯ ಕೊಟ್ಟು ಬೈಯುತ್ತಿದ್ದಾಳೆ, ನಿಮ್ಮ ಮಗಳು, ನಮ್ಮ ಪಾಪ, ಗೋಲ್ ಗೋಲ್ ಅಂತ ಮನೆಯೆಲ್ಲ ಓಡಾಡುತ್ತಿದ್ದಾಳೆ. ಎಲ್ಲಕ್ಕೂ ಕಾರಣ ನೀವು. ತೌರಿಗೆ ಬಂದ ಈ ಎರಡು ವರ್ಷದಲ್ಲಿ ನಿಮಗೊಂದು ಸಾಲು ಬರೆಯದವಳು, ಇವತ್ತು ಒಲೆ ಕೂಡ ಹಚ್ಚದೆ ಬರೆಯಲು ಕೂತಿದ್ದೀನಿ.

ಸುದ್ದಿ ತಂದವನು ನಿಮ್ಮ ಪೆರುಮಾಳ್. ಚಿಕ್ಕಂದಿನಲ್ಲಿ ನಿಮ್ಮ ಜೊತೆ ಊರಿಗಾಂ ಮೈದಾನದಲ್ಲಿ ಧೂಳು ಕುಡಿದವನಲ್ಲವೇ, ನಿಮ್ಮ ವಿಷಯ ನಿಮಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಶುಕ್ರವಾರ ಸೈಕಲ್ ತುಳಿದುಕೊಂಡು ಬಂದು, ಭಾನುವಾರ ಬೆಂಗಳೂರಲ್ಲಿ ನಡೆಯೋ ಫುಟ್‌ಬಾಲ್ ಫೈನಲ್ ಟಿವಿಯಲ್ಲಿ ಬತ್ತದೆ ಅಣ್ಣಿ, ನಮ್ಮಣ್ಣನೇ ಕಾಮೆಂಟರಿ ಏಳ್ತಾನೆ, ಇದೊಂದು ಚೆನ್ನಾಗಾದ್ರೆ ಕೆಲಸ ಖಾಯಂ, ಇಲ್ದಿದ್ರೆ ಮನೆಗೆ ಅಂದ. ಈಗಲೂ ನನ್ನನ್ನು ಅತ್ತಿಗೆ ಅನ್ನದೆ ತಮಿಳಿನಲ್ಲಿ ಅಣ್ಣಿ ಅಂತಲೇ ಕರೆಯುತ್ತಾನೆ. ನನಗೆ ನಗು ತಡೆಯಲಾಗಲಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೆ ತಟ್ಟೆ ಸರಿಸುತ್ತಿದ್ದಿರೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಇಂಥವರು ತೊಂಬತ್ತು ನಿಮಿಷ ಮಾತಾಡುತ್ತಾರಂತೆ!

ಮೊದಲು ನೀವು ಹಾಗಿರಲಿಲ್ಲ, ಅದೂ ನಿಜ. ಕಲ್ಕತ್ತದ ಕ್ಲಬ್ಬಿನವರು ಸಂಬಳ ಕೊಟ್ಟು ಆಡಿಸುತ್ತಿದ್ದಾಗ, ರಜೆಗೆ ಬಂದರೆ ಕೈ ಒಣಗುವವರೆಗೂ ಊಟದ ಮುಂದೆ ಕೂತು ಆಟದ ಕಥೆ ಹೇಳುತ್ತಿದ್ದಿರಿ. ಮಂಡಿ ಮುರಿದುಕೊಂಡು ಬಂದಮೇಲೆ ಆಟ ನಿಂತಿತು, ಮಾತೂ ನಿಂತಿತು. ಗೋಡೆಗೆ ಮುಖ ಮಾಡಿ ಮಲಗಿದಿರಿ. ನಾನು ಪಾಪನನ್ನು ಎತ್ತಿಕೊಂಡು ಇಲ್ಲಿಗೆ ಬಂದಾಗ ಅಮ್ಮ, ಕುಡಿಯಲ್ಲ, ಒಡೆಯಲ್ಲ, ಇನ್ನೇನ್ ಬೇಕೇ ನಿಂಗೆ ಅಂತ ಕೇಳಿದಳು. ನನಗೆ ಬೇಕಿದ್ದುದು ಒಂದು ಮಾತು. ಅದನ್ನು ಯಾರಿಗೆ ಹೇಳಿದರೂ ಅರ್ಥವಾಗಲಿಲ್ಲ.

ನಿನ್ನೆ ಎದುರುಮನೆ ಜಯರಾಮಪ್ಪನವರ ಟಿವಿ ಮುಂದೆ ಬೀದಿಯೇ ಕೂತಿತ್ತು. ಅಮ್ಮ ಎಳೆದಳು ಅಂತ ಹೋದೆ. ಹಸಿರು ಸೀರೆ ಉಟ್ಟಿದ್ದು ಬೇರೆಯದೆಲ್ಲ ಒಗೆಯಲು ಹಾಕಿದ್ದರಿಂದ, ಇನ್ನೇನೂ ಅಂದುಕೊಳ್ಳಬೇಡಿ. ಪರದೆಯ ಮೇಲೆ ಒಂದು ಗಳಿಗೆ ನಿಮ್ಮ ಮುಖ ಬಂತು, ಆಮೇಲೆ ಬರೀ ದನಿ. ಪಾಪ, ಯಾರಮ್ಮ ಇದು ಅಂತ ಕೇಳಿದಳು. ನಿಮ್ಮಪ್ಪ ಅಂದರೆ ನಂಬಲಿಲ್ಲ.

ಆದರೆ ಏನು ಮಾತು, ಏನು ಮಾತು! ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಹೋಗುವ ಮುಂಚೆಯೇ ಹೇಳುತ್ತಿದ್ದಿರಿ. ಆಟವೇ ಗೊತ್ತಿಲ್ಲದ ಅಮ್ಮ ಕೂಡ ಮುಂದಕ್ಕೆ ಜರುಗಿ ಕೂತಳು. ಒಂದು ತಕರಾರಿದೆ: ಒದ್ದದ್ದಕ್ಕೆಲ್ಲ ಅತ್ಯಂತ ಸುಂದರ, ಅತ್ಯಂತ ಸುಂದರ ಅಂದಿರಿ. ನನ್ನ ಬಸ್ಸಾರಿಗೆ ಒಂದು ದಿನ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಆಮೇಲೆ ಆ ಹತ್ತನೇ ನಂಬರಿನ ಹುಡುಗ ಬಿದ್ದ. ಮಂಡಿ ಹಿಡಿದುಕೊಂಡು ಹೊರಳಾಡಿದ. ನೀವು ಸುಮ್ಮನಾದಿರಿ. ಜಯರಾಮಪ್ಪನವರು ಎದ್ದು ಟಿವಿಯ ತಲೆ ತಟ್ಟಿದರು. ಆಟ ನೋಡಲು ಬಂದಿದ್ದ ಪೆರುಮಾಳ್ ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದ. ಮೈದಾನದ ಗಲಾಟೆ ಚೆನ್ನಾಗಿಯೇ ಕೇಳುತ್ತಿತ್ತು, ಟಿವಿ ಕೆಟ್ಟಿರಲಿಲ್ಲ. ಕೆಟ್ಟಿದ್ದು ನೀವು. ಅಲ್ಲಿದ್ದವರಲ್ಲಿ ಆ ಮೌನದ ಗುರುತಿದ್ದವಳು ನಾನೊಬ್ಬಳೇ. ಹೋಯಿತು, ಮತ್ತೆ ಗೋಡೆಗೆ ತಿರುಗಿದರು ಅನ್ನಿಸಿ ಜೀವ ಹಾರಿಹೋಯಿತು. ಎದ್ದು ನಿಂತು, ಅಷ್ಟು ಜನರ ಮುಂದೆ, ಏ ಕೋದಂಡಾ, ಮಾತಾಡೋ, ಅಂತ ಕೂಗಿಬಿಟ್ಟೆ. ಮದುವೆಯಾದಂದಿನಿಂದ ಬಾಯಲ್ಲಿ ತರದ ಹೆಸರು! ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ನಿಲ್ಲಿಸಲಿಲ್ಲ, ಗಂಟಲು ಹರಿಯುವವರೆಗೂ ಕೂಗಿದೆ.

ಬೆಂಗಳೂರಿಗೆ ನನ್ನ ಕೂಗು ಕೇಳುವುದಿಲ್ಲ, ಅಷ್ಟು ತಿಳುವಳಿಕೆ ನನಗೂ ಇದೆ. ಆದರೂ ನೀವು ಮಾತಾಡಿದಿರಿ. ಅಲ್ಲಿಯವರೆಗೆ ಪುಸ್ತಕದ ಹಾಗೆ ಹೇಳುತ್ತಿದ್ದವರು ನಮ್ಮೂರ ಮಾತಿಗೆ ಬಂದಿರಿ. ಈ ಉಡುಗನ ಮನೆಯೋರು ನೋಡ್ತಿದ್ರೆ ಕೇಳ್ಕೊಳ್ಳಿ, ಇವನನ್ನ ಸುಮ್ನೆ ಮಲಗಕ್ ಬಿಡಬೇಡಿ, ಮಾತಾಡ್ಸಿ, ನನ್ ಎಂಡ್ತಿ ದಿನಾ ಮಾತಾಡಿಸ್ತಿದ್ಲು, ನಾನೇ ಬಾಯಿ ಬಿಡ್ಲಿಲ್ಲ, ಕಾಲಿಗಿಂತ ಅದೇ ದೊಡ್ಡ ನಷ್ಟ ಅಂದಿರಿ. ನನಗೆ ಒಬ್ಬಳಿಗೇ ಹೇಳಬೇಕಾದ್ದನ್ನು ಇಡೀ ರಾಜ್ಯಕ್ಕೆ ಹೇಳಿದಿರಲ್ಲ! ಕೋಪ ಬಂತು. ಅಳುವೂ ಬಂತು. ಎಷ್ಟು ಖುಷಿಯಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ.

ಮತ್ತೆ ಆಟ ಶುರುವಾಗಿ, ಕೊನೆಗೆ ಆ ಗೋಲು ಹೊಡೆದಾಗ ನೀವು ಅಲ್ಲಿ ಕಿರುಚಿದಿರಿ, ನಾವು ಇಲ್ಲಿ ಕಿರುಚಿದೆವು. ಅಮ್ಮ ಪಕ್ಕದಲ್ಲಿದ್ದ ಚಿಕ್ಕವೆಂಕಟಮ್ಮನ ಕೈ ಹಿಡಿದು ಕುಣಿದಳು. ಪೆರುಮಾಳ್ ಮಾಳಿಗೆ ಮೇಲಿಂದಲೇ, ಕೆಲಸ ಖಾಯಂ ಅಣ್ಣಿ, ಅಂತ ಕೂಗಿದ. ಖಾಯಂ ಆಯಿತೋ ಇಲ್ಲವೋ ನೀವೇ ತಿಳಿಸಬೇಕು.

ನಾನು ಬರುತ್ತೇನೆ ಅಂತ ಈ ಕಾಗದದಲ್ಲಿ ಎಲ್ಲೂ ಬರೆದಿಲ್ಲ, ನೋಡಿಕೊಳ್ಳಿ. ಒಂದು ದಿನ ಮಾತಾಡಿದವರನ್ನು ನಂಬಿ ಹೊರಡಲು ನಾನೇನು ಹೊಸ ಮದುಮಗಳಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ,
ನಿಮ್ಮ ಹೆಸರು ಹಿಡಿದು ಕೂಗಿದವಳು,
ಗಂಗರತ್ನ

ವಿ.ಸೂ.: ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿನ ದಂಡು ಸ್ಟೇಷನ್ನಿಗೆ ಬನ್ನಿ. ಬಂದು ಕಂಬದ ಹಾಗೆ ನಿಲ್ಲಬೇಡಿ. ಏನು ಮಾತಾಡಬೇಕೋ ತೋಚದಿದ್ದರೆ ನಾವು ಇಳಿಯುವುದನ್ನೇ ಕಾಮೆಂಟರಿ ಹೇಳಿ: ಟ್ರಂಕು ಯಾರ ಕೈಯಲ್ಲಿದೆ, ಪಾಪ ಯಾವ ಕಡೆ ಓಡುತ್ತಿದ್ದಾಳೆ, ಅವಳಮ್ಮ ಅಳುತ್ತಿದ್ದಾಳೋ ನಗುತ್ತಿದ್ದಾಳೋ.