ಎರವಲು ಮರ

ಅಕ್ಟೋಬರ್ 27, ಗುರುವಾರ

ಹನ್ನೆರಡು ಕುರ್ಚಿಗೆ ಪಾಲಿಶ್ ಹಾಕಿ ಮುಗಿಸಿದೆ. ಉಗುರ ಸಂದಿ ಇನ್ನೂ ಕಂದು. ಕೈರೋದ ಅಂಗಡಿಯವನು ಫೋನ್ ಎತ್ತುತ್ತಿಲ್ಲ. ನಮಗಿರುವ ಗಿರಾಕಿ ಅವನೊಬ್ಬನೇ.

ಅಣ್ಣ ಶೌಕಿ ನಗ್ತಾನೆ. "ಏನ್ ಮುಖ ಅದು, ಡೈರೆಕ್ಟರಮ್ಮ?" ಹಿಂದೊಮ್ಮೆ ಅವನ ಚೆಕ್ ವಾಪಸಾಗಿತ್ತು, ಬ್ಯಾಂಕು ಅವನನ್ನು ನಂಬಲ್ಲ. ಅದಕ್ಕೇ ಕಾರ್ಖಾನೆ ನನ್ನ ಹೆಸರಲ್ಲಿ. ಆರನೇ ಕ್ಲಾಸಿಗೇ ಓದು ಬಿಟ್ಟ ಡೈರೆಕ್ಟರ್. ಸಹಿ ಮಾತ್ರ ಚೆನ್ನಾಗಿದೆ.

ನವೆಂಬರ್ 3, ಗುರುವಾರ

ನಮ್ಮ ಈಜಿಪ್ಟಿನ ಪೌಂಡ್ ಬೆಲೆ ಬಿತ್ತು. ನಮ್ಮೂರು ದುಮ್ಯಾತ್‌ಗೆ ಮರ ಬರೋದು ಹಡಗಲ್ಲಿ, ಡಾಲರಿಗೆ. ಸಂಜೆಯೊಳಗೆ ಬೆಲೆ ಏರಿಬಿಡ್ತು. ಎದುರು ಕಾರ್ಖಾನೆಯ ಹಾಜಿ ಮಿತ್ವಲ್ಲಿಯವರು ಬೀದಿಗೆಲ್ಲ ಟೀ ಕೊಡಿಸಿದರು. ಅವರ ಗೋದಾಮು ತುಂಬ ಹಳೇ ಬೆಲೆಯ ಮರ. ನಮ್ಮ ಬಾಡಿಗೆ ಶೆಡ್ಡಲ್ಲಿ ಒಂಬತ್ತು ಹಲಗೆ.

ಮಾರ್ಚಲ್ಲಿ ಇಬ್ಬರೂ ಒಂದೇ ಬ್ಯಾಂಕಿಂದ ಸಾಲ ತಂದವರು. ನಾಲ್ಕು ನಾಲ್ಕು ಲಕ್ಷ.

"ನಿಮಗೂ ಅಷ್ಟೇ ಸಾಲ ಅಲ್ವಾ, ಹಾಜಿ?" ಹೇಗೋ ಕೇಳಿಬಿಟ್ಟೆ.

"ಸಾಲ ನಿಲುವಂಗಿ ಇದ್ದ ಹಾಗೆ, ಇನ್ಶಿರಾಹ್ ಮಗಳೇ. ಒಂದೇ ಅಳತೆ. ನಂಗೆ ಹೊಟ್ಟೆ ಇದೆ, ಕೂತುಕೊಳ್ತು. ನೀನು ಕಾಲಿಗೆ ಸಿಕ್ಕಿಸಿಕೊಂಡು ಬೀಳ್ತೀಯ."

ಎಲ್ಲರೂ ನಕ್ಕರು. ನಾನೂ.

ನವೆಂಬರ್ 4

ಬರೆದೇ ಬಿಡ್ತೀನಿ. ಸಾಲಕ್ಕೆ ಮುಂಚೆ ಬ್ಯಾಂಕಿನವರು ಬಂದ ದಿನ ಶೆಡ್ಡಲ್ಲಿದ್ದ ಮರ ನಮ್ಮದಲ್ಲ. ಹಾಜಿಯದು. ಬೆಳಗ್ಗೆ ಗಾಡಿಯಲ್ಲಿ ಬಂತು, ಸಂಜೆ ಗಾಡಿಯಲ್ಲೇ ಹೋಯ್ತು. ಈ ಬೀದಿಯಲ್ಲಿ ಹೀಗೆ ಕೇಳಿದರೆ ಯಾರೂ ಇಲ್ಲ ಅನ್ನಲ್ಲ, ಮದುವೆಗೆ ಒಡವೆ ಎರವಲು ಕೊಟ್ಟ ಹಾಗೆ. ಬ್ಯಾಂಕಿನವರು ಅದನ್ನು ಅಡವು ಅಂತ ಬರೆದುಕೊಂಡರು. ಕೆಳಗೆ ನನ್ನ ಸಹಿ.

ನವೆಂಬರ್ 20, ಭಾನುವಾರ

ಎರಡು ಕಂತು ತಪ್ಪಿತು. ಬ್ಯಾಂಕಿನ ಕಾಗದ ಬಂದಿದೆ. ಗುರುವಾರ ಬಂದು ಮರ ಎಣಿಸ್ತಾರಂತೆ. ಮರ ಇಲ್ಲದಿದ್ದರೆ ಜೈಲು... ಸಹಿ ಮಾಡಿದವರಿಗೆ.

ಶೌಕಿ ನನ್ನನ್ನೂ ಕರಕೊಂಡು ಹೋಗಿ ಹಾಜಿಯ ಕೈ ಹಿಡಿದ. "ಇನ್ನೊಂದೇ ಸಲ. ನೀವು ನಮ್ಮಪ್ಪನ ಥರ."

"ಅಪ್ಪನೇ ಕಣೋ. ಮರ ಕೊಡ್ತೀನಿ. ಎರಡು ವರ್ಷ ನಿಮ್ಮ ಕುರ್ಚಿಯೆಲ್ಲ ನಂಗೇ. ಪಾಲಿಶ್ ಇಲ್ಲದೆ, ನಾನು ಹೇಳಿದ ಬೆಲೆಗೆ."

"ಪಾಲಿಶ್ ಇಲ್ಲದೆ ಅಂದ್ರೆ... ನಾನು?" ಅಂದೆ. ಯಾರಿಗೂ ಕೇಳಿಸಲಿಲ್ಲ.

ಆ ಬೆಲೆಗೆ ಕೂಲಿಯೂ ಗಿಟ್ಟಲ್ಲ. ಕಂತು ಎಲ್ಲಿಂದ?

ನವೆಂಬರ್ 24, ಬೆಳಗ್ಗೆ 9

ಮರ ಬಂತು. ಸೂರಿನ ತನಕ ಪೇರಿಸಿದೆ. ತುಂಬ ದಿನದಿಂದ ಇದ್ದ ಹಾಗೆ ಕಾಣಲಿ ಅಂತ ಶೌಕಿ ಧೂಳು ಎರಚಿದ.

"ನೀನು ಬಾಯಿ ಬಿಡಬೇಡ. ಸುಮ್ನಿರೋದು ನಿಂಗೆ ಅಭ್ಯಾಸ ತಾನೇ?"

ನಿಜ ಹೇಳಿದರೆ ಇವತ್ತೇ ಕಾರ್ಖಾನೆ ಬಾಗಿಲು ಮುಚ್ಚುತ್ತೆ. ಪೊಲೀಸರೂ ಬರಬಹುದು. ಹೇಳದಿದ್ದರೆ ಇನ್ನೊಂದು ಸಹಿ, ಆಮೇಲೆ ಇನ್ನೊಂದು ಗಾಡಿ ಮರ, ಆಮೇಲೆ ಇನ್ನೊಂದು ಸಹಿ...

ನನ್ನ ಬಾಯಿಂದ ಬರಲ್ಲ. ಚೀಟಿ ಬರೆದೆ — ಈ ಮರ ನಮ್ಮದಲ್ಲ, ಮಾರ್ಚಲ್ಲೂ ಆಗಿರಲಿಲ್ಲ.

ಹೊರಗೆ ಕಾರು. "ಬನ್ನಿ ಸಾರ್, ಬನ್ನಿ! ಟೀಗೆ ಸಕ್ಕರೆ ಎಷ್ಟು?" ಶೌಕಿ.

ಬ್ಯಾಂಕಿನವರು ಎಣಿಸೋಕೆ ಶುರು ಮಾಡಿದರು. ಚೀಟಿ ಎಡಗೈಲಿದೆ. ಎದ್ದು ಹೋಗಿ ಅವರ ಕೈಗೆ ಕೊಡ್ತೀನಿ. ಎದ್ದೆ.