ಕ್ರೇನಿನ ಮೇಲೆ ಎರಡು ಲೀಟರ್ ನೀರು

ಮಾರ್ಚ್ 3, ಬೆಳಗ್ಗೆ 5.20

ಕಕ್ಕಸಿನಲ್ಲಿ ಅರ್ಧ ಗಂಟೆ ಕೂತೆ. ಕಲ್ಲು. ಆಪರೇಷನ್ ಆಗಿ ಐದು ತಿಂಗಳು, ಮೂಲವ್ಯಾಧಿಯ ಕಾಟ ಮುಗಿಯಿತು ಅಂದುಕೊಂಡಿದ್ದೆ. ಇವತ್ತು ಮತ್ತೆ ಕೆಂಪು — ನಾಲ್ಕು ಹನಿ. ಹೊರಗಿನಿಂದ ಹೆಂಡತಿ: "ಏನ್ರೀ, ಒಳಗೇ ಮನೆ ಮಾಡ್ಕೊಂಡ್ರಾ?" ನಕ್ಕೆ. ನಕ್ಕರೂ ನೋವು.

ಮಾರ್ಚ್ 4

ದಿನಕ್ಕೆ ಮೂರು ಲೀಟರ್ ನೀರಂತೆ. ಡಾಕ್ಟರಿಗೇನು, ಹೇಳಿಬಿಡುತ್ತಾರೆ. ನಾನು ಕ್ರೇನ್ ಓಡಿಸುವ ಕ್ಯಾಬಿನ್ ಅರವತ್ತು ಮೀಟರ್ ಮೇಲೆ. ಒಂದು ಸಲ ಒಂದಕ್ಕೆ ಹೋಗಲು ಏಣಿ ಇಳಿದು ಹತ್ತಿದರೆ ಮುಕ್ಕಾಲು ಗಂಟೆ, ಅಷ್ಟೂ ಹೊತ್ತು ಕ್ರೇನ್ ಸುಮ್ಮನೆ. ಹಾಗಾಗಿ ಕುಡಿಯುವುದೇ ಇಲ್ಲ. ಇವಳು ತುಂಬಿಸಿಕೊಟ್ಟ ಎರಡು ಲೀಟರ್ ಸಂಜೆ ಗೇಟಿನ ಹತ್ತಿರದ ಗಿಡಕ್ಕೆ. ಖಾಲಿ ಬಾಟಲಿ ನೋಡಿ ಅವಳಿಗೆ ಸಮಾಧಾನ. ಗಿಡ ಚೆನ್ನಾಗಿ ಚಿಗುರಿದೆ.

ಮಾರ್ಚ್ 9

ಐದು ದಿನದಿಂದ ಹೊಟ್ಟೆ ಖಾಲಿಯಾಗಿಲ್ಲ. ಡಾಕ್ಟರು ಕೊಟ್ಟ ಫೈಬರ್ ಪುಡಿ ಡಬಲ್ ಹಾಕಿಕೊಂಡೆ, ಒಂದೇ ಗುಟುಕು ನೀರಲ್ಲಿ. ಹೊಟ್ಟೆಯಲ್ಲಿ ಸಿಮೆಂಟು ಗಟ್ಟಿಯಾಗುತ್ತಿರುವ ಹಾಗಿದೆ...

ಮಾರ್ಚ್ 17

ಇವತ್ತು ಕೆಂಪಲ್ಲ. ಕಪ್ಪು.

ಆಪರೇಷನ್ ಆದಾಗಲೇ ಡಾಕ್ಟರು ಹೇಳಿದ್ದರು: "ಕಪ್ಪಗೆ ಹೋದ್ರೆ, ಇಲ್ಲಾ ತಲೆ ಸುತ್ತಿದ್ರೆ, ಅವತ್ತೇ ಬರ್ಬೇಕು." ಹೋದರೆ ಅನ್‌ಫಿಟ್ ಅಂತ ಬರೆಯುತ್ತಾರೆ. ಹದಿನಾರು ವರ್ಷ ಮೇಲೆ ಕೂತವನು ಕೆಳಗೆ ನಿಂತು ಏನು ಮಾಡಲಿ? ಹೆದರಿಕೆಯಾಗುತ್ತಿದೆ. ಯಾರಿಗೂ ಹೇಳಿಲ್ಲ.

ಸಂಜೆ ಭಾಮೈದ ಹಿಡಿದುಕೊಂಡ. ಇಲ್ಲೇ ಸಿಗ್ನಲ್‌ಮ್ಯಾನ್, ನನ್ನ ಹುಕ್ಕಿನ ಕೆಳಗೇ ನಿಂತು ಎತ್ತು, ಇಳಿಸು ಅಂತ ಹೇಳುವುದು ಅವನ ಕೆಲಸ.

"ಭಾವ, ಮುಖ ಯಾಕೆ ಹಿಂಗೆ ಬಿಳುಚ್ಕೊಂಡಿದೆ?"

"ಬಿಸಿಲು ಕಣೋ."

"ಹುಷಾರು. ಮೇಲೆ ನೀವಿದೀರಾ ಅಂದ್ರೆ ನಾನು ತಲೆ ಎತ್ತಿ ಕೂಡ ನೋಡಲ್ಲ."

ಮಾರ್ಚ್ 18, 11.40, ಕ್ಯಾಬಿನ್

ಹುಕ್ಕಿನಲ್ಲಿ ಎರಡು ಟನ್ ಕಬ್ಬಿಣ. ಗಾಳಿ ಅಂತ ತಡೆದಿದ್ದಾರೆ. ತಲೆ ಸುತ್ತುತ್ತಿದೆ. ಬರೆಯುತ್ತಿದ್ದರೆ ಎಚ್ಚರ ಇರುತ್ತೆ — ಅದಕ್ಕೇ ಬರೆಯುತ್ತಿದ್ದೇನೆ. ಕೂತಲ್ಲಿ ಒದ್ದೆ. ನೋಡಲು ಧೈರ್ಯವಿಲ್ಲ.

ನೀರು ಕುಡಿಯೋಣ ಅಂತ ಬಾಟಲಿ ತೆಗೆದೆ. ಮುಚ್ಚಳ ತಿರುಗುತ್ತಿಲ್ಲ. ಇವಳು ಬಿಗಿ ಮಾಡಿಲ್ಲ, ಕೈಯಲ್ಲೇ ಬಲವಿಲ್ಲ.

ವಾಕಿಟಾಕಿಯಲ್ಲಿ ಭಾಮೈದ: "ಭಾವ, ಗಾಳಿ ನಿಂತಿದೆ. ಇಳಿಸಿ, ನಾನು ಕೆಳಗೇ ಇದೀನಿ."

ಸರಿದು ನಿಲ್ಲು ಅನ್ನಬೇಕು. ಕಣ್ಣು ಕತ್ತಲೆ. ವಾಕಿಟಾಕಿ ಕೈಗೆ—